ಬಾಯಿ ಕಟ್ಟಿದ ಸಾಲು

"ಮೊದಲಿಂದ ಓದಮ್ಮ. ಕಂಪ್ಯೂಟರ್ ಭಾಷೆ ಬೇಡ, ನನ್ನಂಥ ದಡ್ಡಿಗೆ ಅರ್ಥ ಆಗೋ ಹಾಗೆ."

ತನಿಖೆಗೆ ಬಂದ ಅಧಿಕಾರಿ ಲ್ಯಾಬಿನಲ್ಲಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದ್ದರು. ಬಂದ ಮೂರೇ ದಿನಕ್ಕೆ ನೀರು ಸರಬರಾಜು ಕಚೇರಿಯವರೆಲ್ಲ ಅವರಿಗೆ 'ಯಾಕಮ್ಮ' ಎಂದು ಹೆಸರಿಟ್ಟಿದ್ದರು. ಯಾರು ಏನೇ ಉತ್ತರ ಕೊಡಲಿ, ಅವರ ಮುಂದಿನ ಮಾತು "ಯಾಕಮ್ಮ?" ಎಂದೇ. ಗಂಡಸರಿಗಾದರೆ "ಯಾಕಪ್ಪ?"

ನಾನು ಬರೆದ ಪ್ರೋಗ್ರಾಂ ಒಟ್ಟು ಹತ್ತೊಂಬತ್ತು ಸಾಲು. ಅದನ್ನು ಯಾರ ಮುಂದೂ ಗಟ್ಟಿಯಾಗಿ ಓದಿದವಳಲ್ಲ. ಹಾಗೆ ನೋಡಿದರೆ ಯಾವುದನ್ನೂ ಗಟ್ಟಿಯಾಗಿ ಓದಿದವಳಲ್ಲ.

ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ, ಊರಿಗೆ ನೀರು ಬಿಡುವ ವಾಲ್ವುಗಳನ್ನು ತಿರುಗಿಸುವ ವಾಲ್ವ್ ತಾತ ಕೂತಿದ್ದರು. ಪೂರ್ತಿ ಬೆಂಚು ಖಾಲಿಯಿದ್ದರೂ ತುದಿಯಲ್ಲಿ. ಕೆಳಗಿನ ಬೀದಿಯ ನಲವತ್ತಮೂರು ಜನ ನಲ್ಲಿ ನೀರು ಕುಡಿದು ಆಸ್ಪತ್ರೆ ಸೇರಿ ಇಂದಿಗೆ ಒಂಬತ್ತು ದಿನ; ಆರು ವರ್ಷದಿಂದ ಮುಚ್ಚಿಟ್ಟಿದ್ದ ಎರಡನೇ ಬಾವಿಯ ನೀರು ಟ್ಯಾಂಕಿಗೆ ಬಂದಿದೆ ಎಂದು ಹೇಳಿದ್ದು ನನ್ನ ಪ್ರೋಗ್ರಾಂ. ಆ ಬಾವಿಯ ವಾಲ್ವಿನ ಬೀಗದ ಕೀ ಇರುವುದು ತಾತನ ಬಳಿ ಮಾತ್ರ. ಹಾಗಾಗಿ ಮಂಗಳವಾರ ಮಧ್ಯಾಹ್ನವೇ ಅವರನ್ನು ಕೆಲಸದಿಂದ ಇಳಿಸಿದ್ದರು. ಇವತ್ತು ನಾಲ್ಕು ಗಂಟೆಗೆ ವರದಿಗೆ ಸಹಿ ಬಿದ್ದರೆ ಮುಗಿಯಿತು.

"ಮೊಮ್ಮಗಳು ಹೇಗಿದ್ದಾಳಪ್ಪ?" ಯಾಕಮ್ಮ ತಿರುಗದೆಯೇ ಕೇಳಿದರು.

"ಗೊತ್ತಿಲ್ಲ ಮೇಡಂ. ಸೊಸೆ ಒಳಗೆ ಬಿಡ್ಲಿಲ್ಲ. ವಾರ್ಡಿನ ಬಾಗಿಲಿಗೆ ಅಡ್ಡ ನಿಂತ್ಕೊಂಡು, 'ನೀವು ಕೊಟ್ಟ ನೀರು ಕುಡಿದೇ ಹೀಗಾಗಿದ್ದು' ಅಂದ್ಲು."

ನಲವತ್ತಮೂರರಲ್ಲಿ ಒಬ್ಬಳು ತಾತನ ಸ್ವಂತ ಮೊಮ್ಮಗಳು. ನಾನು ಕೀಲಿಮಣೆಯ ಮೇಲಿನ ಧೂಳನ್ನು ನೋಡುತ್ತ ಕೂತೆ.

"ಇದೇನಮ್ಮ, ತೋಳಿನ ಮೇಲೆ ಬಿಳಿ ಮಚ್ಚೆ? ಅಂಗಿ ಹೊಸದು, ಅಲ್ವಾ?"

"ಬ್ಲೀಚಿಂಗ್ ಪೌಡರ್ ಮೇಡಂ. ಭಾವ ಇಲ್ಲೇ ಕ್ಲೋರಿನ್ ರೂಮಲ್ಲಿ ಕೆಲಸ ಮಾಡೋದು. ಮನೇಲಿ ಬಟ್ಟೆ ಎಲ್ಲಾ ಒಂದೇ ಬಕೆಟಲ್ಲಿ ನೆನೆಯುತ್ತೆ. ನಮ್ಮನೇಲಿ ಬಣ್ಣ ಉಳಿದಿರೋದು ಗೋಡೆಗೆ ಮಾತ್ರ ಅಂತ ಅಕ್ಕ ಹೇಳ್ತಿರ್ತಾಳೆ."

ಯಾಕಮ್ಮ ನಕ್ಕರು. ಕಣ್ಣು ಮಾತ್ರ ಮಚ್ಚೆಯ ಮೇಲೇ ಇತ್ತು. "ಸರಿ, ಓದು."

ಓದಿದೆ. ಟ್ಯಾಂಕಿನ ಪ್ರತಿ ನೂರು ಲೀಟರ್ ನೀರಿನಲ್ಲಿ ಕೆರೆಯ ನೀರು ಎಷ್ಟು, ಮುಚ್ಚಿದ ಎರಡನೇ ಬಾವಿಯದು ಎಷ್ಟು, ದಿನವೂ ಬಳಸುವ ಮೂರನೇ ಬಾವಿಯದು ಎಷ್ಟು. ಗೊತ್ತಿಲ್ಲದ್ದು ಮೂರು, ಆದ್ದರಿಂದ ಸಮೀಕರಣವೂ ಮೂರು. ಮೂರೂ ಸೇರಿ ನೂರಾಗಬೇಕು, ಅದು ಒಂದು. ಮೂರರ ಉಪ್ಪು ಸೇರಿ ಟ್ಯಾಂಕಿನ ಉಪ್ಪಾಗಬೇಕು, ಅದು ಎರಡು. ಮೂರರ ಸುಣ್ಣ ಸೇರಿ ಟ್ಯಾಂಕಿನ ಸುಣ್ಣವಾಗಬೇಕು, ಅದು ಮೂರು. ಮೂರನ್ನೂ ಒಟ್ಟಿಗೆ ಬಿಡಿಸುವ ಕೆಲಸ ಕಂಪ್ಯೂಟರಿನದು.

"ಈ ಉಪ್ಪು, ಸುಣ್ಣ ಎಲ್ಲಿಂದ ಬಂತು?"

"ತಿಂಗಳ ಮೊದಲ ದಿನ ಕೆರೆಗೆ, ಬಾವಿಗಳಿಗೆ ಹೋಗಿ ಬಾಟಲಿ ತುಂಬಿಸಿ ತರ್ತೀವಿ. ಆ ಮಶೀನು ಅಳೆದು ಚೀಟಿ ಕೊಡುತ್ತೆ. ಚೀಟೀಲಿ ಇರೋದನ್ನ ನಾನು ಫೈಲಿಗೆ ಹಾಕ್ತೀನಿ."

"ಯಾರು ಕಲಿಸಿದ್ದು ನಿನಗೆ ಇದನ್ನೆಲ್ಲ? ಕಾಲೇಜಲ್ಲಾ?"

"ಪ್ರೋಗ್ರಾಂ ಕಾಲೇಜಲ್ಲಿ. ಲೆಕ್ಕ ಕಲಿಸಿದ್ದು ಅಕ್ಕ." ಹೇಳುವಾಗ ನನಗೇ ಗೊತ್ತಿಲ್ಲದೆ ದನಿ ಸ್ವಲ್ಪ ಏರಿತು. "ಅಡುಗೆಮನೆ ತಕ್ಕಡೀಲಿ. ಎರಡು ಲೋಟ, ಒಂದು ಬಟ್ಟಲು ಸೇರಿ ಇಷ್ಟು ತೂಕ. ಒಂದು ಲೋಟ, ಮೂರು ಬಟ್ಟಲು ಸೇರಿ ಇಷ್ಟು ತೂಕ. ಹಾಗಾದ್ರೆ ಒಂದು ಲೋಟ ಎಷ್ಟು ತೂಗುತ್ತೆ? ತಕ್ಕಡಿ ಮುಟ್ಟದೆ ಹೇಳ್ಬೇಕು. ಮದುವೆಗೆ ಮುಂಚೆ ಅವಳು ಲೆಕ್ಕದ ಟೀಚರ್ ಆಗಿದ್ಲು."

"ಒಳ್ಳೆ ಅಕ್ಕ. ಮುಂದೆ?"

ಹದಿನಾಲ್ಕನೇ ಸಾಲು ಓದಿದೆ. ಹದಿನಾರನೇ ಸಾಲು ಓದಿದೆ.

"ನಡುವೆ ಒಂದು ಬಿಟ್ಟೆಯಲ್ಲ."

"ಅದು ಕೆಲಸ ಮಾಡಲ್ಲ ಮೇಡಂ. ಮುಂದೆ ಜಾಲರಿಯಂಥ ಗುರುತು ಇದೆ ನೋಡಿ. ಅದಿದ್ರೆ ಕಂಪ್ಯೂಟರ್ ಆ ಸಾಲನ್ನ ಓದದೆ ದಾಟಿ ಹೋಗುತ್ತೆ."

"ಅಂದ್ರೆ ಬಾಯಿಗೆ ಬಟ್ಟೆ ತುರುಕಿ ಕೂರಿಸಿದ್ದೀಯ."

"ಹೂಂ."

"ಯಾಕಮ್ಮ?"

ಬಂದೇಬಿಟ್ಟಿತು. ಮೂರು ದಿನದಿಂದ ಕಚೇರಿಯ ಪ್ರತಿಯೊಬ್ಬರಿಗೂ ಬಿದ್ದ ಆ ಪ್ರಶ್ನೆ ನನ್ನ ಪಾಲಿಗೂ ಬಂತು.

ಕಾಲೇಜಿನ ಮೇಷ್ಟ್ರು ಆ ಸಾಲನ್ನು ಹಟ ಹಿಡಿದು ಹಾಕಿಸಿದ್ದರು. ಸಮೀಕರಣಗಳು ಬಿಡಿಸಲು ಸಿಕ್ಕವು ಎಂದ ಮಾತ್ರಕ್ಕೆ ಉತ್ತರ ಗಟ್ಟಿ ಎಂದಲ್ಲ. ಕೊಟ್ಟ ಅಂಕಿಗಳಲ್ಲಿ ಎರಡು ಕಂಬಸಾಲು, ಅಂದರೆ ಎರಡು ಬಾವಿಗಳ ಅಂಕಿ, ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಯಾವುದರ ಪಾಲು ಎಷ್ಟು ಎಂದು ಹೇಳಲು ಕಂಪ್ಯೂಟರಿಗೂ ಆಗುವುದಿಲ್ಲ, ಆದರೂ ಅದು ಏನೋ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ. ಆಗ ಕೆಂಪಕ್ಷರದಲ್ಲಿ ಎಚ್ಚರಿಕೆ ಬರಬೇಕು, ಎಂದು.

ಮಂಗಳವಾರ ಬೆಳಗ್ಗೆ ಅದು ಬಂತು. ಹತ್ತು ನಿಮಿಷದಲ್ಲಿ ಎಂಜಿನಿಯರುಗಳೆಲ್ಲ ನನ್ನ ಬೆನ್ನ ಹಿಂದೆ ಬಂದು ನಿಲ್ಲುವವರಿದ್ದರು.

"ಅಷ್ಟು ಜನರ ಎದುರು ಕೆಂಪಕ್ಷರ ಬಂದ್ರೆ ಹುಡುಗಿಗೆ ಲೆಕ್ಕ ಬರಲ್ಲ ಅಂದ್ಕೋತಾರೆ ಅಂತ... ನಾಚಿಕೆ ಆಯ್ತು ಮೇಡಂ."

"ನಾಚಿಕೆ," ಎಂದರು ಯಾಕಮ್ಮ. ಬೈಯಲಿಲ್ಲ. ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ಹಿಡಿದು ನೋಡುವವರ ಹಾಗೆ ಆ ಮಾತನ್ನು ಹಿಡಿದು ನೋಡಿದರು. "ಈಗ ಬಿಚ್ಚು ಅದರ ಬಾಯಿ."

ಗುರುತು ಅಳಿಸಿದೆ. ಓಡಿಸಿದೆ.

ಕೆರೆ ಎಪ್ಪತ್ತೈದು. ಎರಡನೇ ಬಾವಿ ಇಪ್ಪತ್ತು. ಮೂರನೇ ಬಾವಿ ಐದು. ಅದೇ ಹಳೆಯ ಉತ್ತರ. ಅದರ ಕೆಳಗೆ, ಮೈಲಿ ದೂರಕ್ಕೆ ಕಾಣುವ ಕೆಂಪಿನಲ್ಲಿ: ಈ ಉತ್ತರವನ್ನು ನಂಬಬೇಡಿ.

"ನಂಬಬೇಡಿ ಅಂದ್ರೆ ಎಷ್ಟು ನಂಬಬಾರದು? ಸ್ವಲ್ಪವಾ, ಪೂರ್ತಿಯಾ?"

ಈ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬೇಕಿತ್ತು. ಮಂಗಳವಾರವೇ. ಮಾತಿನಲ್ಲಿ ಹೇಳಲಾರದೆ ಕೈಯಿಂದ ತೋರಿಸಿದೆ. ಟ್ಯಾಂಕಿನ ನೀರಿನ ಸುಣ್ಣದಂಶ ಹದಿನೆಂಟು ಪಾಯಿಂಟ್ ಎರಡು ಎಂದಿತ್ತು. ಮಶೀನು ತನ್ನ ಪಾಡಿಗೆ ತಾನು ಅಷ್ಟು ಹೆಚ್ಚುಕಡಿಮೆ ಮಾಡುವುದು ಮಾಮೂಲು. ಆ ಪಾಯಿಂಟ್ ಎರಡನ್ನು ಅಳಿಸಿ ಬರೀ ಹದಿನೆಂಟು ಮಾಡಿದೆ. ಮತ್ತೆ ಓಡಿಸಿದೆ.

ಕೆರೆ ಎಪ್ಪತ್ತೈದು. ಎರಡನೇ ಬಾವಿ ಸೊನ್ನೆ. ಮೂರನೇ ಬಾವಿ ಇಪ್ಪತ್ತೈದು.

ಯಾಕಮ್ಮ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. "ಸೊನ್ನೇನಾ?"

"ಸೊನ್ನೆ."

"ಅಂದ್ರೆ ಒಬ್ಬ ಮನುಷ್ಯನ ತಪ್ಪು, ಒಂದು ಚಿಟಿಕೆ ಸುಣ್ಣದ ಮೇಲೆ ನಿಂತಿತ್ತು."

ನಾನು ತಲೆಯಾಡಿಸಿದೆ.

ಬೆಂಚಿನಿಂದ ದನಿ ಬಂತು. ತಾತ ಎದ್ದು ನಿಂತಿದ್ದರು, ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಹಾಗಾದ್ರೆ... ನಾನು ತಿರುಗಿಸಿಲ್ವಾ ಮೇಡಂ?"



"ನಿಮಗೇ ಗೊತ್ತಿಲ್ವಾ?" ಎಂದೆ. ನನ್ನ ದನಿ ನನಗೇ ಬೇರೆ ಯಾರದ್ದೋ ಅನಿಸಿತು.

"ತಿರುಗಿಸಿಲ್ಲ ಅಂತಲೇ ನೆನಪು ಕಣಮ್ಮ. ಆದ್ರೆ ಕಂಪ್ಯೂಟರ್ ಹೇಳ್ತಲ್ಲ. ಅದು ಓದಿರೋದು, ಅದು ಯಾಕೆ ಸುಳ್ಳು ಹೇಳುತ್ತೆ? ವಯಸ್ಸಾಯ್ತು, ಎಲ್ಲೋ ಮರೆತು ಕೈ ಹಾಕಿಬಿಟ್ಟೆನೇನೋ ಅಂತ ಎರಡು ದಿನದಿಂದ ಈ ಕೈನೇ ನೋಡ್ಕೊಂಡು ಕೂತಿದ್ದೆ."

ಇದನ್ನು ಬರೆಯುವಾಗಲೂ ನನ್ನ ಮುಖ ಸುಡುತ್ತಿದೆ. ಸುಳ್ಳು ಆಪಾದನೆ ಹೊರಿಸಿದ್ದು ಒಂದು. ಮನುಷ್ಯನಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡದ್ದು ಇನ್ನೊಂದು. ಎರಡನೆಯದಕ್ಕೆ ಯಾವ ಕಚೇರಿಯಲ್ಲಿ ಕ್ಷಮೆ ಕೇಳಬೇಕೋ ನನಗೆ ತಿಳಿಯದು.

"ಕೂತ್ಕೊಳ್ಳಪ್ಪ," ಎಂದರು ಯಾಕಮ್ಮ. "ಇನ್ನೂ ಮುಗಿದಿಲ್ಲ." ಪರದೆಯ ಮೇಲೆ ಬೆರಳಿಟ್ಟರು. "ಎರಡನೇ ಬಾವಿ ಇಲ್ಲೇ ರಸ್ತೆ ಪಕ್ಕ, ಪರೀಕ್ಷೆಗೆ ನೀರು ಹಿಡಿಯೋ ನಲ್ಲಿ ಬೀಗದ ಹೊರಗೇ ಇದೆ. ಮೂರನೇದು ಗುಡ್ಡದ ಆಚೆ, ಗೇಟಿನ ಒಳಗೆ. ನಡೆದ್ರೆ ಅರ್ಧ ಗಂಟೆ. ನಾನು ನಿನ್ನೆ ನಡೆದೇ ಹೋಗಿದ್ದೆ, ಮಂಡಿ ಇನ್ನೂ ನೋಯ್ತಿದೆ. ಎರಡರಲ್ಲೂ ಉಪ್ಪು ಇನ್ನೂರ ಹನ್ನೆರಡು. ಇನ್ನೂರ ಹನ್ನೊಂದಲ್ಲ, ಹದಿಮೂರಲ್ಲ. ಯಾಕಮ್ಮ?"



ಅವರು ತಮ್ಮ ಚೀಲದಿಂದ ಅಂಚು ಮಡಚಿದ ಒಂದು ಉದ್ದನೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಕೀ ಪುಸ್ತಕ. ಯಾರೇ ಆಗಲಿ, ಮೂರನೇ ಬಾವಿಯ ಗೇಟಿನ ಕೀ ಬೇಕೆಂದರೆ ವಾಲ್ವ್ ಕೋಣೆಗೆ ಹೋಗಿ ಇದರಲ್ಲಿ ಸಹಿ ಮಾಡಿ ತಾತನಿಂದ ಪಡೆಯಬೇಕು. ಪುಸ್ತಕವನ್ನು ಅವರು ತೆರೆಯಲಿಲ್ಲ. ಮೇಲೆ ಕೈಯಿಟ್ಟುಕೊಂಡು ಕೂತರು.

ಅವರಿಗೆ ಗೊತ್ತಿತ್ತು. ನಿನ್ನೆಯಿಂದಲೇ ಗೊತ್ತಿತ್ತು. ನಾನು ಹೇಳಲಿ ಎಂದು ಕಾಯುತ್ತಿದ್ದರು.

"ಆ ಪುಸ್ತಕದಲ್ಲಿ ತಿಂಗಳ ಮೊದಲ ದಿನ ನನ್ನ ಸಹಿ ಇಲ್ಲ ಮೇಡಂ," ಎಂದೆ. "ನಾನು ಮೂರನೇ ಬಾವಿಗೆ ಹೋಗಲೇ ಇಲ್ಲ. ಎರಡೂ ಬಾಟಲಿ ಎರಡನೇ ಬಾವಿ ನಲ್ಲೀಲೇ ತುಂಬಿಸಿದೆ. ಒಂದರ ಮೇಲೆ ಎರಡು ಅಂತ ಬರೆದೆ. ಇನ್ನೊಂದರ ಮೇಲೆ ಮೂರು ಅಂತ ಬರೆದೆ."

"ಯಾಕಮ್ಮ?"

ಹೇಗೆ ಹೇಳಲಿ? ವಾಲ್ವ್ ಕೋಣೆಯಲ್ಲಿ ಯಾವಾಗಲೂ ಏಳೆಂಟು ಗಂಡಸರು ಇಸ್ಪೀಟಿನ ಸುತ್ತ ಕೂತಿರುತ್ತಾರೆ. ಕೆಲಸಕ್ಕೆ ಸೇರಿದ ವಾರ ಒಮ್ಮೆ ಬಾಗಿಲಲ್ಲಿ ನಿಂತು ಕೀ ಕೇಳಿದ್ದೆ, ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದೆ. "ಏನ್ ಮೇಡಂ, ಬಾಯಿಗೂ ವಾಲ್ವ್ ಹಾಕಿಸ್ಕೊಂಡಿದ್ದೀರಾ? ಸ್ವಲ್ಪ ತಿರುಗಿಸಿ!" ಎಂದ ಒಬ್ಬ. ಕೋಣೆಯೆಲ್ಲ ನಕ್ಕಿತು. ಅವತ್ತು ನಗದಿದ್ದವರು ತಾತ ಒಬ್ಬರೇ.

ಆ ನಗು ನೆನಪಾಗಿ ಈ ತಿಂಗಳು ಬಾಗಿಲ ತನಕ ಹೋಗಿ ತಿರುಗಿ ಬಂದಿದ್ದೆ. ಅಷ್ಟೇ ಕಾರಣ. ದೊಡ್ಡ ಕಾರಣವೊಂದು ಇದ್ದಿದ್ದರೆ ಹೇಳಲು ಎಷ್ಟೋ ಸುಲಭವಿತ್ತು.

ಹೇಳಿದೆ. ತುಂಡುತುಂಡಾಗಿ, ಮೇಜಿನ ಕಡೆ ನೋಡುತ್ತ.

"ನೋಡಿದ್ದೆ ಕಣಮ್ಮ," ಎಂದರು ತಾತ.

ನಾನು ತಲೆಯೆತ್ತಿದೆ.

"ನೀನು ಖಾಲಿ ಬಾಟಲಿ ಹಿಡ್ಕೊಂಡು ಬಾಗಿಲಿಗೆ ಬಂದೆ, ನಿಂತೆ, ವಾಪಸ್ ಹೋದೆ. ನಾನು ಕೀ ತಗೊಂಡು ನಿನ್ನ ಹಿಂದೇನೇ ಎದ್ದು ಬಂದೆ. ಅಷ್ಟೊತ್ತಿಗೆ ನೀನು ರಸ್ತೆ ನಲ್ಲಿ ಹತ್ರ ಎರಡನೇ ಬಾಟಲಿ ತೊಳೀತಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲಪ್ಪ?" ಯಾಕಮ್ಮನ ದನಿ ಗಡುಸಾಯಿತು. "ಮಂಗಳವಾರ ನಿಮ್ಮನ್ನ ಕಳ್ಳನ ಥರ ನಿಲ್ಲಿಸಿದಾಗ ಹೇಳಬಹುದಿತ್ತಲ್ಲ?"

"ಹೊಸ ಹುಡುಗಿ. ಕೆಲಸ ಹೋದ್ರೆ ಇನ್ನೊಂದು ಕಡೆ ಯಾರು ತಗೋತಾರೆ? ಬಾಟಲಿಗೂ ವಾಲ್ವಿಗೂ ಏನು ಸಂಬಂಧ ಅಂತ ನನಗೆಲ್ಲಿ ಗೊತ್ತು ಮೇಡಂ." ಟೊಪ್ಪಿಯನ್ನು ತಿರುಗಿಸಿದರು. "ಗೊತ್ತಿದ್ರೂ ಹೇಳ್ತಿದ್ದೆನೋ ಇಲ್ವೋ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಅದರ ಅರ್ಥ ನನಗೆ ಅವತ್ತು ಆಯಿತು. ಲ್ಯಾಬಿನ ನೆಲ ಬಿಳಿ ಟೈಲ್ಸಿನದು. ಬಾಯಿಬಿಡಲಿಲ್ಲ. ನಾನು ಅತ್ತೆ.

ಯಾಕಮ್ಮ ಅಳಲು ಬಿಟ್ಟರು, ಸುಮಾರು ಒಂದು ನಿಮಿಷ. ಆಮೇಲೆ ಫಿಲ್ಟರ್ ಪೇಪರಿನ ಕಟ್ಟಿನಿಂದ ಒಂದನ್ನು ಎಳೆದು ಕೈಗಿಟ್ಟರು. "ಮೂಗು ಒರೆಸ್ಕೋ. ಕೆಲಸ ಇದೆ. ಮುಚ್ಚಿದ ಬಾವಿ ನೀರು ಬಂದಿಲ್ಲ ಅಂತಲೇ ಇಟ್ಕೋ. ಹಾಗಾದ್ರೆ ಆ ಬೀದಿಗೆ ಕಾಯಿಲೆ ಹೇಗೆ ಬಂತು?"

"ಕೆರೆ ನೀರಲ್ಲೂ ಕ್ರಿಮಿ ಇರುತ್ತೆ ಮೇಡಂ. ಕ್ಲೋರಿನ್ ಸರಿಯಾಗಿ ಬಿದ್ರೆ ಸಾಯುತ್ತೆ. ಬೀಳಲಿಲ್ಲ ಅಂದ್ರೆ..."

ವಾಕ್ಯ ಅಲ್ಲೇ ನಿಂತಿತು.

ಹೋದ ವಾರದ ಸೋಮವಾರ ರಾತ್ರಿ, ಜನ ಕಾಯಿಲೆ ಬೀಳುವ ಹಿಂದಿನ ರಾತ್ರಿ, ಕ್ಲೋರಿನ್ ರೂಮಿನ ಪಾಳಿ ಭಾವನದು. ಅವರ ರಿಜಿಸ್ಟರಿನಲ್ಲಿ ಎಲ್ಲ ಸರಿಯಿತ್ತು. ನನ್ನ ಉತ್ತರ ಬಂದ ಮೇಲೆ ಆ ರಿಜಿಸ್ಟರನ್ನು ಮತ್ತೆ ತೆರೆದವರಿಲ್ಲ.

ಯಾಕಮ್ಮ ನಾನು ನಿಲ್ಲಿಸಿದ್ದನ್ನು ಗಮನಿಸಿದರೋ ಇಲ್ಲವೋ, ಪರದೆಗೇ ಮರಳಿದರು.

"ಎರಡೂ ಒಂದೇ ನಲ್ಲಿ ನೀರು ಅಂದೆ. ಉಪ್ಪು ಇಲ್ಲೂ ಇನ್ನೂರ ಹನ್ನೆರಡು, ಅಲ್ಲೂ ಇನ್ನೂರ ಹನ್ನೆರಡು. ಸರಿ. ಸುಣ್ಣ ನೋಡು. ಎರಡನೇ ಬಾವಿ ಅರವತ್ತೊಂದು. ಮೂರನೇದು ಅರವತ್ತು. ಯಾಕಮ್ಮ?"

ನಾನು ಎದ್ದು ಹೋಗಿ, ಕಪಾಟಿನಿಂದ ಲ್ಯಾಬಿನ ದಿನಚರಿ ಪುಸ್ತಕ ತಂದೆ. ಮಶೀನು ಉಗುಳಿದ ಚೀಟಿಗಳನ್ನು ನಾನೇ ಗೋಂದು ಹಚ್ಚಿ ಅಂಟಿಸಿದ್ದೆ.

ಎರಡನೇ ಬಾವಿ: ಇನ್ನೂರ ಹನ್ನೆರಡು, ಅರವತ್ತೊಂದು.

ಮೂರನೇ ಬಾವಿ: ಇನ್ನೂರ ಹನ್ನೆರಡು, ಅರವತ್ತೊಂದು.

"ನೀನೇ ತಪ್ಪಾಗಿ ಒತ್ತಿದ್ಯಾ?"

"ಇಲ್ಲ." ಇದೊಂದು ಮಾತು ಮಾತ್ರ ಗಟ್ಟಿಯಾಗಿ ಬಂತು. "ಇಲ್ಲ ಮೇಡಂ. ಯಾಕಂದ್ರೆ ಸೋಮವಾರ ಸಂಜೆ ಮೊದಲ ಸಲ ಓಡಿಸಿದಾಗ ಉತ್ತರವೇ ಬರಲಿಲ್ಲ. ಎರಡೂ ಕಂಬಸಾಲು ಅಕ್ಷರಶಃ ಒಂದೇ ಆಗಿತ್ತು. ಬಿಡಿಸಲು ಆಗದು ಅಂತ ನಿಂತುಬಿಡ್ತು. ಕಾರಣ ನನಗೆ ತಕ್ಷಣ ಗೊತ್ತಾಯ್ತು. ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋದೆ. ಮಂಗಳವಾರ ಬೆಳಗ್ಗೆ ಬಂದು ಸುಮ್ಮನೆ ಇನ್ನೊಂದ್ಸಲ ಓಡಿಸಿದೆ. ಉತ್ತರ ಬಂತು."

"ನಿನ್ನೆ ಬಾರದ್ದು ಇವತ್ತು ಹೇಗೆ ಬಂತು ಅಂತ ಅನ್ನಿಸ್ಲಿಲ್ವಾ?"

"ಸದ್ಯ ಬಂತಲ್ಲ ಅನ್ನಿಸ್ತು."

ಯಾಕಮ್ಮ ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ಫೈಲನ್ನು ಕೊನೆಯದಾಗಿ ಉಳಿಸಿದ ಹೊತ್ತು ನೋಡಲು ಹೇಳಿದರು. ನೋಡಿದೆ. ಮಂಗಳವಾರ ಬೆಳಗ್ಗೆ ಐದು ಗಂಟೆ ಐವತ್ತೆರಡು ನಿಮಿಷ. ನಾನು ಲ್ಯಾಬಿಗೆ ಬರುವುದು ಒಂಬತ್ತಕ್ಕೆ.

"ಪಾಸ್‌ವರ್ಡ್ ಯಾರಿಗೆ ಗೊತ್ತು?"

ಪರದೆಯ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ತೋರಿಸಿದೆ.

"ಚೆನ್ನಾಗಿದೆ. ಬಾಗಿಲಿಗೆ ತೋರಣ ಕಟ್ಟಿಲ್ವಲ್ಲ, ಸದ್ಯ. ಲ್ಯಾಬಿನ ಕೀ?"

"ಒಂದು ಮುಖ್ಯಸ್ಥರ ಹತ್ರ. ಅವರು ಹದಿನೈದು ದಿನದಿಂದ ರಜೆ, ಬೇರೆ ಊರಲ್ಲಿದ್ದಾರೆ. ಇನ್ನೊಂದು ನನ್ನ ಹತ್ರ. ಸೋಮವಾರ ರಾತ್ರಿ ನಮ್ಮನೆ ಬಾಗಿಲ ಪಕ್ಕದ ಮೊಳೇಲಿತ್ತು. ಮಲಗುವಾಗ ನೋಡಿದ್ದೀನಿ. ಬೆಳಗ್ಗೆ ಎಂಟಕ್ಕೆ ಹೊರಡುವಾಗಲೂ ಅಲ್ಲೇ ಇತ್ತು."

"ಭಾವ?"

ಅಂದರೆ ಗಮನಿಸಿದ್ದರು.

"ಈ ಸೋಮವಾರವೂ ರಾತ್ರಿ ಪಾಳಿ. ಎಂಟಕ್ಕೇ ಹೊರಟಿದ್ರು. ಕೀ ಮೊಳೇಲಿ ಇದ್ದಾಗ ಅವರು ಮನೇಲಿ ಇರಲಿಲ್ಲ."

ಹೇಳುತ್ತಿದ್ದಂತೆ ಎದೆಯಿಂದ ಕಲ್ಲು ಇಳಿಯಿತು. ಭಾವ ಅಲ್ಲ. ಆಗುವುದಿಲ್ಲ.

"ಈಗ ಸರಿಯಾಗಿ ಯೋಚನೆ ಮಾಡಿ ಹೇಳು," ಎಂದರು ಯಾಕಮ್ಮ, ಒಂದೊಂದೇ ಮಾತನ್ನು ಇಳಿಸುತ್ತ. "ಅಂಕಿ ಬದಲಾಯಿಸಿದವರಿಗೆ ಒಂದು ವಿಷಯ ಗೊತ್ತಿರಲೇಬೇಕು. ಎರಡೂ ಸಾಲು ಒಂದೇ ಆಗಿದೆ, ಅದಕ್ಕೇ ಯಂತ್ರ ನಿಂತಿದೆ, ಒಂದನ್ನ ಕದಲಿಸಿದ್ರೆ ಓಡುತ್ತೆ ಅಂತ. ತಾತ ಬಾಟಲಿ ನೋಡಿದ್ದಾರೆ, ಕಂಪ್ಯೂಟರ್ ನೋಡಿಲ್ಲ. ಸೋಮವಾರ ಸಂಜೆ ಆಮೇಲೆ ಇದನ್ನ ನೀನು ಯಾರಿಗೆ ಹೇಳಿದೆ?"

"ಯಾರಿಗೂ ಹೇಳಿಲ್ಲ."

"ಗೆಳತಿಗೆ? ಫೋನಲ್ಲಿ?"

"ನನಗೆ ಅಂಥ ಗೆಳತಿ ಯಾರೂ ಇಲ್ಲ ಮೇಡಂ. ಬರೀ ಡೈರೀಲಿ ಬರೆದೆ."

ಕೋಣೆಯಲ್ಲಿ ಆ ಮಾತು ಬಿದ್ದಲ್ಲೇ ಬಿದ್ದಿತ್ತು. ತಾತ ಕೂಡ ಅದನ್ನೇ ನೋಡುತ್ತಿದ್ದಂತಿತ್ತು.

"ಡೈರಿ ಎಲ್ಲಿದೆ?"

ಮಂಗಳವಾರದಿಂದ ಅದನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಅದಕ್ಕೆ ಮುಂಚೆ ಮಡಚಿಟ್ಟ ಬಟ್ಟೆಗಳ ಕೆಳಗಿರುತ್ತಿತ್ತು. ಹೊರಗೆ ತೆಗೆದೆ. ಕೊಡುವ ಮುಂಚೆ ಆ ಪುಟವನ್ನು ನಾನೇ ಹುಡುಕಿದೆ. ಬೇರೆ ಪುಟಗಳು ಯಾರ ಕಣ್ಣಿಗೂ ಬೀಳುವುದು ನನಗೆ ಬೇಕಿರಲಿಲ್ಲ.

ನೀಲಿ ಶಾಯಿಯಲ್ಲಿ, ನನ್ನ ಸಣ್ಣ ಅಕ್ಷರದಲ್ಲಿ, ಎಲ್ಲವೂ ಇತ್ತು. ಬಾಟಲಿ, ನಲ್ಲಿ, ನಿಂತುಹೋದ ಪ್ರೋಗ್ರಾಂ. ಕೊನೆಗೆ ಈ ವಾಕ್ಯ: ಮೂರನೇ ಬಾವಿಯ ಸುಣ್ಣ ಒಂದೇ ಒಂದು ಅಂಕಿ ಆಚೀಚೆ ಇದ್ದಿದ್ದರೂ ಈ ಹಾಳಾದ್ದು ಏನಾದರೂ ಉತ್ತರ ಕೊಟ್ಟುಬಿಡುತ್ತಿತ್ತು, ನನ್ನ ಮಾನ ಉಳಿಯುತ್ತಿತ್ತು.

ಹೀಗೆ ಮಾಡಿ ಎಂದು ನಾನೇ ಬರೆದಿಟ್ಟಿದ್ದೆ.

ಆ ವಾಕ್ಯದ ಕೊನೆಯ ಎರಡು ಪದಗಳು ಸರಿಯಾಗಿ ಕಾಣುತ್ತಿರಲಿಲ್ಲ. ಪುಟದ ಬಲ ಮೂಲೆಯಲ್ಲಿ, ಓದುವವರು ಪುಸ್ತಕವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುವ ಜಾಗದಲ್ಲಿ, ಶಾಯಿ ಮಾಸಿ ಹಳದಿ ಬಿಳುಪಾಗಿತ್ತು. ಗೋಲಿಯಷ್ಟು ಅಗಲದ ಒಂದು ಗುರುತು.

ಆ ಬಿಳುಪು ನನಗೆ ಗೊತ್ತು. ನಮ್ಮನೆ ಪರದೆಯಲ್ಲಿದೆ, ದಿಂಬಿನ ಅಂಚಿನಲ್ಲಿದೆ, ನನ್ನ ತೋಳಿನಲ್ಲಿದೆ.

ಭಾವ, ಎಂದುಕೊಂಡೆ. ಹಾಗಾದರೆ ಭಾವನೇ. ಕೀ ಹೇಗೋ ತೆಗೆದುಕೊಂಡಿರಬೇಕು.

ಆದರೆ ಭಾವನ ಹೆಬ್ಬೆರಳು ನಲ್ಲಿಯ ಹಿಡಿಯಷ್ಟು ದಪ್ಪ. ನನಗೇ ತಿಳಿಯದೆ ನನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟೆ. ಅಂಚಿಗೆ ಅಂಚು ಕೂತಿತು, ಅಚ್ಚು ಹಾಕಿದಂತೆ.

ನಾನು ಬ್ಲೀಚಿಂಗ್ ಪೌಡರ್ ಮುಟ್ಟುವವಳಲ್ಲ. ಅಮ್ಮನ ಕೈ ಹಾಗೇ ಬಂದಿದೆ ಎಂದು ನೆಂಟರೆಲ್ಲ ಹೇಳುವುದು ನಮ್ಮ ಮನೆಯಲ್ಲಿ ಇಬ್ಬರಿಗೆ.

ಮಂಗಳವಾರ ಬೆಳಗ್ಗೆ ನಾನು ಹಾಸಿಗೆ ಬಿಟ್ಟೆದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಆರೂವರೆಗೆ ಬಾಗಿಲು ತೆರೆದು ಒಳಗೆ ಬಂದವಳು, "ನಿಮ್ಮ ಭಾವ ಡಬ್ಬಿ ಮರೆತು ಹೋಗಿದ್ರು ಕಣೇ, ಕೊಟ್ಟು ಬಂದೆ," ಎಂದು ಚಪ್ಪಲಿ ಬಿಟ್ಟಿದ್ದಳು. ಆಮೇಲೆ ನನ್ನ ತಲೆಗೂದಲನ್ನು ತಾನೇ ಬಾಚಿ, "ಇವತ್ತು ಲೆಕ್ಕ ಬರುತ್ತೆ ನೋಡು, ಹೆದರ್ಬೇಡ," ಎಂದಿದ್ದಳು. ಯಾವ ಲೆಕ್ಕ ಎಂದು ನಾನು ಅವಳಿಗೆ ಹೇಳಿರಲಿಲ್ಲ.

ಯಾಕಮ್ಮ ನನ್ನ ಕೈಯನ್ನು ಮೆಲ್ಲಗೆ ಪುಟದಿಂದ ಎತ್ತಿದರು. ಗುರುತನ್ನು ನೋಡಿದರು. ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಬಿಳಿ ಮಚ್ಚೆಯನ್ನು ಡೈರಿಯ ಪಕ್ಕಕ್ಕೆ ತಂದು ನೋಡಿದರು. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

"ನಿಮ್ಮನೇಲಿ ಬಟ್ಟೆ ಒಗೆಯೋದು ಯಾರಮ್ಮ?"

ಮೂರು ದಿನದಲ್ಲಿ ಮೊದಲ ಬಾರಿಗೆ ಅವರು ಯಾಕೆ ಎಂದು ಕೇಳಲಿಲ್ಲ.